ಗಾಲಿಯ ಮೇಲಿನ ಮನೆಯೂ ಅವ್ವನ ಮಡಿಯೂ

ಯಂತ್ರಗಳಿಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ವಿಕ್ರೋಳಿಯ ಕಾರ್ಖಾನೆಯಲ್ಲಿ ನೌಕರಿ ಎಂದರೆ ಊರ ಕಡೆಯವರು ನಾನು ದಿನವಿಡೀ ಯಂತ್ರಗಳನ್ನು ಪಳಗಿಸುತ್ತಿದ್ದೇನೆಂದು ತಿಳಿಯುತ್ತಾರೆ. ನಾನೂ ಅವರನ್ನು ತಿದ್ದಲು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೆಲಸ ಪತ್ರವ್ಯವಹಾರದ ವಿಭಾಗದಲ್ಲಿ. ಅಲ್ಲಿರುವ ಏಕೈಕ ಯಂತ್ರವಾದ ಟೈಪ್‌ರೈಟರಿನ ರಿಬ್ಬನ್ನು ಬದಲಿಸಲೂ ಪಕ್ಕದ ಮೇಜಿನವರನ್ನು ಕರೆಯುತ್ತೇನೆ. ಇಂಥವನು ಒಲೆ, ಹಾಸಿಗೆ, ನೀರಿನ ಟಾಕಿ ಎಲ್ಲವನ್ನೂ ಹೊತ್ತು ತಿರುಗುವ ಹಳೆಯದೊಂದು ಮೋಟಾರಿನ ಮಾಲಕನಾದದ್ದು ಅವ್ವನ ಮಡಿಯ ದೆಸೆಯಿಂದ.

ವಡಾಲದ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಇಡೀ ಮಾಳಿಗೆಗೆ ಒಂದೇ ನಲ್ಲಿ. ವಿಜಾಪುರದಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವ ಹಿಂದೆ ಬಂದಾಗಲೆಲ್ಲ ಆ ನಲ್ಲಿಯ ಮುಂದಿನ ಸಾಲು ನೋಡಿ, "ಎಲ್ಲಾರೂ ಮುಟ್ಟಿದ ನೀರಾಗ ನನಗ ಅಡಗಿ ಆಗೂದಿಲ್ಲಪಾ" ಎಂದು ಬಂದಷ್ಟೇ ಬೇಗ ರೈಲು ಹತ್ತಿದ್ದಳು. ಈಗ ನನ್ನ ಹೆಂಡತಿ ಸುಶೀಲಾ ಬಸುರಿ. ತಾಯಿಯಿಲ್ಲದೆ ಬೆಳೆದ ಹುಡುಗಿ. ಎಂದೂ ಏನೂ ಕೇಳದವಳು ಒಂದು ದಿನ ಅಕ್ಕಿ ಆರಿಸುತ್ತ, ತಲೆ ಎತ್ತದೆಯೇ, "ಬಾಣಂತನಕ್ಕ ಅತ್ತಿಯವ್ರನ್ನ ಕರಸ್ರಿ. ನನಗ ಬ್ಯಾರೆ ಯಾರಿದ್ದಾರ?" ಎಂದಳು. ಆಮೇಲೆ ಆ ಅಕ್ಕಿಯಲ್ಲಿ ಕಲ್ಲು ಹುಡುಕುವುದು ಅವಳಿಗೂ ಆಗಲಿಲ್ಲ, ಅವಳನ್ನು ನೋಡುತ್ತ ಕೂರುವುದು ನನಗೂ ಆಗಲಿಲ್ಲ.

ಈ ಸಂಕಟವನ್ನು ನಾನು ತೋಡಿಕೊಂಡದ್ದು ಸಾಂತಾಕ್ರೂಜಿನಲ್ಲಿ ಹೋಟೆಲು ನಡೆಸುತ್ತಿದ್ದ ವಾಸು ಭಟ್ಟರ ಮುಂದೆ. ಉಡುಪಿ ಕಡೆಯವರು, ಸ್ನೇಹಜೀವಿ. ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಪರದೇಶಿ ಎಂಜಿನಿಯರನಿಂದ ಅವರು ಈ ಮೋಟಾರು ಕೊಂಡು, ಬೀದಿಬೀದಿಗೆ ಇಡ್ಲಿ ಒಯ್ಯುವ ಯೋಜನೆ ಹಾಕಿದ್ದರು. ಆದರೆ ಗಾಡಿ ಕುಲುಕಿದಾಗಲೆಲ್ಲ ಸಾಂಬಾರು ಗಿರಾಕಿಗಿಂತ ಮೊದಲು ರಸ್ತೆಗೆ ಇಳಿಯುತ್ತಿದ್ದುದರಿಂದ ಯೋಜನೆ ಬಿದ್ದುಹೋಗಿ, ಮೋಟಾರು ಹೋಟೆಲಿನ ಹಿತ್ತಲಲ್ಲಿ ನಿಂತಿತ್ತು. "ನಿಮ್ಮ ಅಮ್ಮನಿಗೆ ಬೇರೆ ನೀರು, ಬೇರೆ ಒಲೆ ಬೇಕಲ್ವಾ? ಇದ್ರಲ್ಲಿ ಎಲ್ಲ ಉಂಟು ಮಾರಾಯ್ರೆ, ತಕೊಂಡು ಹೋಗಿ, ನನ್ನ ಹಿತ್ತಲು ಖಾಲಿ ಆಗ್ಲಿ" ಎಂದರು. ಒಳಗಿನ ವ್ಯವಸ್ಥೆಯನ್ನೂ ವಿವರಿಸಿದರು: "ಈ ಕೈಪಂಪು ಒತ್ತಿದ್ರೆ ನೀರು ಬರ್ತದೆ. ಬಾರದಿದ್ರೆ ಕೊಳವೆಯ ಆ ಚಾವಿ ತಿರುಗಿಸಿ. ಆಗ್ಲೂ ಬಾರದಿದ್ರೆ ಇನ್ನೊಂದು ಉಂಟು, ಎಲ್ಲಿ ಅಂತ ನಂಗೂ ಸರಿ ಗೊತ್ತಿಲ್ಲ." ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ಮಾತ್ರ ನನ್ನ ಕೈ ಪಳಗಿದೆ.

ಕಾರ್ಖಾನೆಯ ಡ್ರೈವರ್ ಮಿತ್ರನೊಬ್ಬ ಅದನ್ನು ತಂದು ಚಾಳಿನ ಪಕ್ಕದ ಬಯಲಿನಲ್ಲಿ ನಿಲ್ಲಿಸಿದ. ನಾನು ಕಲಿಯಲು ಕುಳಿತೆ. ಬೆಂಚು ಮಡಚಿದರೆ ಹಾಸಿಗೆಯಾಗುತ್ತದೆಂದು ಕೇಳಿದ್ದೆ. ನಾನು ಮಡಚಿದರೆ ಅದು ಬೆಂಚೂ ಅಲ್ಲದ ಹಾಸಿಗೆಯೂ ಅಲ್ಲದ ಒಂದು ಇಳಿಜಾರಾಯಿತು. ದೀಪಗಳನ್ನೆಲ್ಲ ಹಾಕಿ ಸುಶೀಲಾಳಿಗೆ ದೀಪಾವಳಿ ತೋರಿಸಿದೆ. ಮರುದಿನ ಬ್ಯಾಟರಿ ಸತ್ತು, ಗಾಡಿಯನ್ನು ನೆರಳಿಗೆ ಸರಿಸಲು ಚಾಳಿನ ಗಂಡಸರೆಲ್ಲ ನೂಕಬೇಕಾಯಿತು. ಮಾಡಿನಲ್ಲಿದ್ದ ಚೌಕದ ಮುಚ್ಚಳವಂತೂ ಯಾತಕ್ಕೆಂದೇ ಹೊಳೆಯಲಿಲ್ಲ. ಅದರೊಳಗೆ ತಲೆ ತೂರಿಸಿ ನೋಡಿದೆ. ಮೇಲಿನ ಗ್ಯಾಲರಿಯಿಂದ ನೆರೆಯ ಮರಾಠಿ ಬಾಯಿಯೊಬ್ಬರು ನಮಸ್ಕಾರ ಮಾಡಿದರು. ನಾನೂ ಮಾಡಿ ಇಳಿದೆ.

ಅಷ್ಟರಲ್ಲಿ, ನಾನು ಬರೆದ ಕಾಗದ ಕಂಡು, ಅವ್ವ ಬಂದೇಬಿಟ್ಟಳು. ಮೆಟ್ಟಿಲ ಬಳಿ ಸೆರಗು ಸಾವರಿಸಿ ನಿಂತು, "ಏನೋ ಇದು, ಬಸ್ಸಿನ್ಯಾಗ ಸಂಸಾರ ಮಾಡ್ಲಿ ಅಂತೀಯೇನು?" ಎಂದಳು. ನಾನು ಗತ್ತಿನಿಂದ ಪಂಪು ಒತ್ತಿದೆ. ನೀರಿಲ್ಲ. ಚಾವಿ ತಿರುಗಿಸಿದೆ. ಗಾಡಿಯ ಹೊಟ್ಟೆಯೊಳಗೆ ಗುಳುಗುಳು ಸದ್ದಾಗಿ, ಬಾಗಿಲ ಕೆಳಗಿಂದ ನೀರು ಧೋ ಎಂದು ಸುರಿದು ಅವ್ವನ ಸೀರೆಯ ನಿರಿಗೆಯನ್ನೂ ಕೈಯಲ್ಲಿದ್ದ ಬಟ್ಟೆಯ ಗಂಟನ್ನೂ ತೋಯಿಸಿತು. ಅವ್ವ ಬೈಯಲಿಲ್ಲ. ಗಂಟು ಹಿಂಡುತ್ತ, "ನಾಳಿಗೆ ರೈಲು ಎಷ್ಟಕ್ಕದ?" ಎಂದಳು. ಸುಶೀಲಾ ಗ್ಯಾಲರಿಯ ಕಟಾಂಜನ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದಾಗ ನನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ಯಂತ್ರದ ಮೇಲೆ ಹಟ ಬಂತು.

ಮರುದಿನ ಬೆಳಿಗ್ಗೆ ಅಂಗಿ ಕಳಚಿ ಗಾಡಿಯ ಬುಡಕ್ಕೆ ತೆವಳಿದೆ. ಟಾಕಿಯಿಂದ ಹೊರಟ ಕೊಳವೆಯನ್ನು ಕುರುಡರಂತೆ ಕೈಯಿಂದ ಸವರುತ್ತ ಹೋದೆ. ಅಲ್ಲಿದ್ದದ್ದು ಒಂದಲ್ಲ, ಎರಡು ಟಾಕಿ: ಒಂದು ಒಳ್ಳೆಯ ನೀರಿಗೆ, ಒಂದು ತೊಳೆದ ನೀರಿಗೆ. ಭಟ್ಟರಿಗೂ ತಿಳಿಯದಿದ್ದ ಆ ಇನ್ನೊಂದು ಚಾವಿ ಅವೆರಡರ ನಡುವೆ, ಗ್ರೀಸು ಮೆತ್ತಿಕೊಂಡು, ಅರ್ಧ ತೆರೆದು ಕುಳಿತಿತ್ತು. ನಾನು ತುಂಬಿದ ನೀರೆಲ್ಲ ಪಂಪಿಗೆ ಏರದೆ ಮೋರಿಯ ಟಾಕಿಗೆ ಇಳಿಯುತ್ತಿತ್ತು! ನಿನ್ನೆ ನಾನು ತಿರುಗಿಸಿದ್ದು ಆ ಮೋರಿಯ ಟಾಕಿಯನ್ನು ಬರಿದು ಮಾಡುವ ಚಾವಿ. ಚಾವಿ ಮುಚ್ಚಿದೆ, ಟಾಕಿಗಳನ್ನು ತೊಳೆದೆ, ಹೊಸ ನೀರು ತುಂಬಿ ಪಂಪು ಒತ್ತಿದೆ. ನಲ್ಲಿ ಒಮ್ಮೆ ಕೆಮ್ಮಿ, ಸಣ್ಣಗೆ, ಬೆಳ್ಳಗೆ ನೀರು ಬಿಟ್ಟಿತು. ಹಿತ್ತಾಳೆ ತಂಬಿಗೆ ಹಿಡಿದ ಅವ್ವ ಕೇಳಿದಳು: "ಎಲ್ಲಿದೋ ಈ ನೀರು?"

"ಟಾಕೀದವ್ವಾ."

"ಟಾಕ್ಯಾಗ ಎಲ್ಲಿಂದ ಬಂತು?"

ಚಾಳಿನ ಅದೇ ನಲ್ಲಿಯಿಂದ ಬಕೆಟ್ಟು ಹೊತ್ತು ನನ್ನ ಹೆಗಲು ಕೆಂಪಾಗಿತ್ತು. ನಾನು ಬಕೆಟ್ಟನ್ನು ಕಾಲಿನಿಂದ ಬೆಂಚಿನ ಕೆಳಗೆ ಸರಿಸಿದೆ. ಅವ್ವ ಆ ಹೆಗಲನ್ನು ಒಮ್ಮೆ ನೋಡಿ, ಗ್ರೀಸು ಹತ್ತಿದ ನನ್ನ ಮೂಗನ್ನು ಸೆರಗಿನಿಂದ ಒರೆಸಿ, "ಇರ್ಲಿ ಬಿಡು, ನನಗೇನು ಕಣ್ಣಿಲ್ಲೇನು? ಟೈಪು ಹೊಡಿಯೋ ಹುಡುಗ ಗಾಡಿ ಬುಡಕ ಹೊಕ್ಕಿದ್ದ ನೋಡೀನಿ. ಇನ್ನ ಹ್ಯಾಂಗ ಹೋಗ್ಲಿ?" ಎಂದು ಒಲೆ ಹೊತ್ತಿಸಿದಳು. ಮೇಲೆ ಗ್ಯಾಲರಿಯಲ್ಲಿ ಸುಶೀಲಾ ಮೊರದೊಡನೆ ಕುಳಿತು ಮತ್ತೆ ಅಕ್ಕಿ ಆರಿಸತೊಡಗಿದಳು.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ತಾಯಿಮಗಳು ನೇರ ಗಾಡಿಗೇ ಬಂದರು. ಅವ್ವ ಬಾಣಂತಿಗೆ ಅಜವಾನದ ಹೊಗೆ ಹಾಕಿದಾಗ ಮಾಡಿನ ಆ ಚೌಕದ ಮುಚ್ಚಳ ಯಾತಕ್ಕೆಂದು ನನಗೆ ತಿಳಿಯಿತು. ನನ್ನ ಇಳಿಜಾರಿನ ಬೆಂಚು ತುಸು ಒದ್ದರೆ ಸೊಗಸಾದ ಹಾಸಿಗೆಯಾಗುತ್ತದೆಂದು ಸುಶೀಲಾ ಕಂಡುಹಿಡಿದಳು. ಸಂಜೆ ನಾನು ಗಾಡಿಯ ಹೊರಗೆ ನಿಂತು ಕಿಟಕಿಯಿಂದ ಮಗಳನ್ನು ನೋಡುತ್ತಿದ್ದೆ. ಒಳಗಿನಿಂದ ನಗು, ತುಪ್ಪದ ವಾಸನೆ, ಅವ್ವನ ಜೋಗುಳ ಬರುತ್ತಿದ್ದವು. ಅಷ್ಟು ಸುಖದ ಮನೆಯನ್ನು ನಾನು ಹೊರಗಿನಿಂದ ನೋಡಿದ್ದು ಅದೇ ಮೊದಲು.

ಮೊನ್ನೆ ಭಾನುವಾರ, ಎಲ್ಲರನ್ನೂ ಕೂರಿಸಿಕೊಂಡು ಸಾಂತಾಕ್ರೂಜಿಗೆ ಹೋಗಿ ಭಟ್ಟರಿಗೆ ಮಗಳನ್ನು ತೋರಿಸಿ ಬರೋಣ ಎಂದೆ. ಡ್ರೈವರ್ ಮಿತ್ರನೂ ಸಿದ್ಧನಿದ್ದ. ಅವ್ವ ಹೌಹಾರಿದಳು. ಮುಂದಿನ ಗಾಲಿಗೆ ಒತ್ತಿ ತುಳಸಿಕಟ್ಟೆ ಕಟ್ಟಿದ್ದಾಳೆ, ಗಾಡಿಯ ಪಕ್ಕದ ಕನ್ನಡಿಯಿಂದ ಚಾಳಿನ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಬಿಗಿದಿದ್ದಾಳೆ. "ಹುಚ್ಚಪ್ಪಾ, ಇದ್ದ ಮನೀನ ಹೊಂಡಸ್ಕೊಂಡು ಯಾರರ ತಿರಗಾಕ ಹೋಗ್ತಾರೇನು?" ಎಂದಳು. ಸುಶೀಲಾ ಅತ್ತೆಯ ಪಕ್ಷ. ಹೀಗೆ ಇಡೀ ಚಾಳಿನಲ್ಲಿ ಮೋಟಾರು ಉಳ್ಳ ಏಕೈಕ ಗೃಹಸ್ಥನಾದ ನಾನು, ಸೋಮವಾರ ಎಂದಿನಂತೆ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು, ಕುರ್ಲಾದಲ್ಲಿ ರೈಲು ಬದಲಿಸಿ, ಆಫೀಸಿಗೆ ತಡವಾಗಿ ಮುಟ್ಟಿದೆ. ಸಾಹೇಬರು ಕಾರಣ ಕೇಳಿದರು. ಮನೆಯಲ್ಲಿ ಮೋಟಾರು ಇದೆ, ಆದರೆ ಅದರಲ್ಲಿ ಮಗು ಮಲಗಿತ್ತು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.