ರೇಂಜ್ ಇಲ್ಲದವನ ಅಕ್ಕ

ಮನುಷ್ಯ ದೊಡ್ಡ ಸುಳ್ಳಿಗೆ ಹೆದರುತ್ತಾನೆ, ಸಣ್ಣ ಸುಳ್ಳಿಗೆ ಹೆದರುವುದಿಲ್ಲ. ದೊಡ್ಡ ಸುಳ್ಳು ಹೇಳುವಾಗ ನಾಲಗೆ ಒಣಗುತ್ತದೆ, ಕಣ್ಣು ನೆಲ ನೋಡುತ್ತದೆ. ಸಣ್ಣದಾದರೆ ದವಡೆಯಲ್ಲಿ ಅಡಿಕೆ ಹೋಳು ಇಟ್ಟುಕೊಂಡ ಹಾಗೆ, ಇದೆಯೆಂಬುದೇ ಮರೆತುಹೋಗುತ್ತದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು, "ಪುಸ್ತಕ ಮನೆಯಲ್ಲಿ ಬಿಟ್ಟು ಬಂದೆ ಸರ್" ಎನ್ನುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಸತ್ಯದ ಬಗ್ಗೆ ಭಾಷಣ ಮಾಡಿದವನು. ಅದೇ ನಾನು ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಚಹಾ ಕುಡಿದು, ಹೆಚ್ಚುಕಡಿಮೆ ದಿನವೂ ಒಂದು ಸುಳ್ಳು ಹೇಳುತ್ತಿದ್ದೆ. "ರೇಂಜ್ ಇಲ್ಲ ಅಕ್ಕಾ" ಎಂಬ ಸುಳ್ಳು.

ಪೂರಾ ಸುಳ್ಳೂ ಅಲ್ಲ ಎಂದು ಆಗ ನನಗೆ ನಾನೇ ವಾದ ಮಾಡಿಕೊಳ್ಳುತ್ತಿದ್ದೆ. ನಮ್ಮ ಮನೆ ಇರುವುದು ಕಾರ್ಕಳದಿಂದ ಸ್ವಲ್ಪ ಒಳಗೆ, ಒಂದು ದೊಡ್ಡ ಪಾದೆಗಲ್ಲಿನ ಗುಡ್ಡದ ಬುಡದಲ್ಲಿ. ಟವರ್ ಇರುವುದು ಗುಡ್ಡದ ಆಚೆಗೆ. ಮಲಗುವ ಕೋಣೆಯಲ್ಲಿ ಫೋನು ಸತ್ತ ಹಾಗೆಯೇ ಇರುತ್ತಿತ್ತು. ಜಗಲಿಗೆ ಬಂದರೆ ಒಂದು ಕಡ್ಡಿ, ಅಂಗಳಕ್ಕಿಳಿದರೆ ಎರಡು, ಬಾವಿಕಟ್ಟೆಯ ಹತ್ತಿರ ಮೂರು ಕಡ್ಡಿ ರೇಂಜು ಇತ್ತು. ನನ್ನ ಸಹೋದ್ಯೋಗಿಗಳ ಜೊತೆ ಮುಖ್ಯೋಪಾಧ್ಯಾಯರ ಮೇಲಿನ ದೂರುಗಳನ್ನು ಹಂಚಿಕೊಳ್ಳುವಾಗ ನಾನು ಬಾವಿಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂತದ್ದುಂಟು. ಅಕ್ಕನ ಫೋನು ಬಂದರೆ ಮಾತ್ರ ಮಾತಾಡುತ್ತ ಮಾತಾಡುತ್ತ ಮಲಗುವ ಕೋಣೆಯ ಕಡೆಗೆ ನಡೆಯುತ್ತಿದ್ದೆ.

ಅಕ್ಕ ಅಂದರೆ ಕುಸುಮಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಹೋದಾಗ ನಾನು ಮೂರನೇ ಕ್ಲಾಸು. ಆಮೇಲೆ ನನ್ನ ತಲೆಗೆ ಎಣ್ಣೆ ಹಾಕಿದ್ದು, ಅಂಗಿ ಒಗೆದದ್ದು, ಪರೀಕ್ಷೆಯ ದಿನ ಗಂಜಿಗೆ ತುಪ್ಪ ಬಿಟ್ಟದ್ದು ಎಲ್ಲ ಅವಳೇ. ಮದುವೆಯಾಗಿ ಉಡುಪಿ ಹತ್ತಿರದ ಮಟ್ಟುವಿಗೆ ಹೋದಳು, ಭಾವ ಬೇಗ ತೀರಿಕೊಂಡರು, ಮಕ್ಕಳಿಲ್ಲ. ಭಾವ ಬಿಟ್ಟುಹೋದ, ಮರಳೇ ತುಂಬಿದ ಹೊಯ್ಗೆ ಗದ್ದೆಯಲ್ಲಿ ಗುಳ್ಳ ಬದನೆ ಬೆಳೆಸಿಕೊಂಡು ಅವಳು ಯಾರ ಹಂಗಿಲ್ಲದೆ ಬದುಕಿದಳು. ಆದರೆ ನನ್ನನ್ನು ಕೇಳದೆ ಒಂದು ಕೆಲಸ ಮಾಡುತ್ತಿರಲಿಲ್ಲ. ಪಂಪಿನ ಸ್ವಿಚ್ಚು ಬದಲಿಸಬೇಕಾ, ಬೆಕ್ಕಿನ ಮರಿಗಳನ್ನು ಯಾರಿಗೆ ಕೊಡುವುದು, ಮಂಡಿನೋವಿಗೆ ಯಾವ ಎಣ್ಣೆ, ಎಲ್ಲದಕ್ಕೂ ನನಗೆ ಫೋನು. ನಾನು ಏನು ಹೇಳಿದರೂ ಅದೇ ಸರಿ. ಮೇಷ್ಟ್ರಲ್ಲವೇ.

ಅವಳ ಮಾತು ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿತ್ತು. ಗುಳ್ಳಕ್ಕೆ ಹುಳ ಬಿದ್ದ ಸುದ್ದಿಯಿಂದ ಶುರುವಾಗಿ, ಕಾಪುವಿನಲ್ಲಿ ಯಾರದೋ ಮದುವೆಗೆ ಹೋದದ್ದು, ಅಲ್ಲಿ ಸಾರಿಗೆ ಉಪ್ಪು ಕಡಿಮೆಯಾದದ್ದು, ಆ ಸಾರು ಬಡಿಸಿದವನ ಅಜ್ಜ ನಮ್ಮ ಅಜ್ಜನ ಜೊತೆ ಜಗಳ ಮಾಡಿದ್ದು, ಹೀಗೆ. ಐದು ನಿಮಿಷ ಹೂಂಗುಟ್ಟುತ್ತಿದ್ದೆ. ಆರನೆಯ ನಿಮಿಷಕ್ಕೆ "ಅಕ್ಕಾ, ಕೇಳುದಿಲ್ಲ... ಕಟ್ ಆಗ್ತಾ ಉಂಟು... ರೇಂಜ್ ಬಂದ ಕೂಡಲೇ ನಾನೇ ಮಾಡ್ತೇನೆ" ಎಂದು ಒತ್ತಿಬಿಡುತ್ತಿದ್ದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಆದರೆ ಸುಳ್ಳಿಗೆ ಭಾಷೆಯ ಹಂಗಿಲ್ಲ, ಯಾವುದರಲ್ಲಿ ಬರೆದರೂ ಅಷ್ಟೇ. ರೇಂಜ್ ಬಂದ ಕೂಡಲೇ ನಾನು ಮಾಡುತ್ತಿದ್ದೆನೇ ಎಂದು ನೀವು ಕೇಳುವುದಿಲ್ಲ ಎಂದು ನಂಬಿದ್ದೇನೆ.

ನನ್ನ ಹೆಂಡತಿ ವಾರಿಜ ಇದನ್ನೆಲ್ಲ ನೋಡುತ್ತಿದ್ದಳು. ಒಮ್ಮೆ ಅಕ್ಕಿ ಆರಿಸುತ್ತ, "ನಿಮ್ಮ ಸುಳ್ಳಿಗೆ ನನ್ನನ್ನು ಸಾಕ್ಷಿಗೆ ಮಾತ್ರ ಕರೀಬೇಡಿ" ಅಂದಳು. ಅವಳನ್ನು ಸಾಕ್ಷಿಗೆ ಕರೆಯುವ ಅಗತ್ಯವೇ ಬರಲಿಲ್ಲ. ತಮ್ಮನ ಫೋನಿಗೆ ರೇಂಜ್ ಇಲ್ಲವೆಂದ ಮೇಲೆ ಅದೇ ಮನೆಯಲ್ಲಿ ಅವನ ಹೆಂಡತಿಯ ಫೋನಿಗೆ ಎಲ್ಲಿಂದ ಬರಬೇಕು ಎಂದು ಅಕ್ಕ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ನಂಬುವುದರಲ್ಲಿ ಅವಳು ಯಾವತ್ತೂ ಅರೆಬರೆ ಇಲ್ಲ.

ಅವಳು ನಂಬಿ ಸುಮ್ಮನೆ ಕೂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತಮ್ಮನಿಗೆ ಒಂದು ಕಷ್ಟ ಉಂಟು ಎಂದು ಗೊತ್ತಾದ ಮೇಲೆ ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಸಂತೆಗೆ ಗುಳ್ಳ ಕೊಟ್ಟು, ಬಸ್ಸು ಹತ್ತಿ ಉಡುಪಿಗೆ ಹೋಗಿ ಫೋನ್ ಕಂಪನಿಯ ಅಂಗಡಿ ಹುಡುಕಿ, ಅಲ್ಲಿ ಕೂತ ಹುಡುಗಿಗೆ ನನ್ನ ನಂಬರು ಕೊಟ್ಟು ದೂರು ಬರೆಸಿದಳು. ಒಂದು ಸಲ ಅಲ್ಲ. ಉಡುಪಿಗೆ ಹೋದಾಗೆಲ್ಲ. ನನ್ನ ಫೋನಿಗೆ ಆಗಾಗ "ನಿಮ್ಮ ದೂರು ದಾಖಲಾಗಿದೆ" ಎಂಬ ಸಂದೇಶ ಬರುತ್ತಿತ್ತು. ಸಾಲ ಬೇಕಾ ಎಂದು ಕೇಳುವ ಸಂದೇಶಗಳ ಜೊತೆ ಅದನ್ನೂ ಅಳಿಸಿ ಹಾಕುತ್ತಿದ್ದೆ.

ಒಂದು ದಿನ ಕಂಪನಿಯ ಎಂಜಿನಿಯರೊಬ್ಬ ಕೈಯಲ್ಲಿ ಮೀಟರು ಹಿಡಿದು ನಮ್ಮ ಅಂಗಳಕ್ಕೆ ಬಂದ. ಬಾವಿಕಟ್ಟೆಯ ಹತ್ತಿರ ನಿಂತು ಮೀಟರು ನೋಡಿ, ನನ್ನ ಮುಖ ನೋಡಿ, ಇಲ್ಲಿ ಸಿಗ್ನಲ್ ಸಾಕಷ್ಟು ಉಂಟಲ್ಲ, ಇಷ್ಟು ದೂರು ಯಾಕೆ ಅಂದ. ನಾನು ದೂರು ಕೊಟ್ಟೇ ಇಲ್ಲ ಎಂದೆ. ಅವನು ಕಾಗದ ತೆಗೆದು ನೋಡಿ, "ಕುಸುಮ ಅಂತ ಉಂಟು ಸರ್. ನನ್ನ ತಮ್ಮ ಗುಡ್ಡದ ಅಡಿಯಲ್ಲಿ ಇದ್ದಾನೆ, ಅವನ ಮಾತು ದಿನಾ ಅರ್ಧಕ್ಕೆ ನಿಲ್ತದೆ ಅಂತ ಬರೆಸಿದ್ದಾರೆ" ಎಂದು ಓದಿದ.

ಆಗ ನಿಜ ಹೇಳಬಹುದಿತ್ತು. ನಾನು ಅವನನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋದೆ. ಮೀಟರು ಅಲ್ಲಿ ಸೊನ್ನೆ ತೋರಿಸಿತು. ಅವನಿಗೆ ಸಮಾಧಾನವಾಯಿತು, ನನ್ನ ಮಾನ ಉಳಿಯಿತು. ಗುಡ್ಡದ ಈಚೆಗಿನ ಎಲ್ಲ ಮನೆಗಳಿಗೂ ಇದೇ ಕಥೆ ಇರಬೇಕೆಂದು ಅವನು ಬರೆದುಕೊಂಡ. ಕೆಲವು ತಿಂಗಳ ಮೇಲೆ ಟವರಿನ ಹಳೆಯ ಸಾಮಾನು ಇಳಿಸಿ ಹೊಸತು ಏರಿಸುವ ಕೆಲಸ ಶುರುವಾಯಿತು. ಮೂರು ದಿನ ಫೋನು ಇರುವುದಿಲ್ಲ ಎಂದು ಪಂಚಾಯಿತಿಯ ಬಾಗಿಲಿಗೆ ಚೀಟಿ ಅಂಟಿಸಿದರು. ಅದನ್ನು ಅಕ್ಕನಿಗೆ ಮೊದಲೇ ಹೇಳಬೇಕೆಂದು ವಾರಿಜ ನೆನಪು ಮಾಡಿದಳು. ಹೇಳಿದರೆ ಟವರಿನ ಪೂರ್ತಿ ಚರಿತ್ರೆ ಕೇಳಿಯಾಳು, ಅರ್ಧ ಗಂಟೆ ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಆ ಮೂರು ದಿನ ಸುಳ್ಳು ಹೇಳುವ ಕೆಲಸವೂ ಇಲ್ಲವಲ್ಲ ಎಂದು ಒಳಗೊಳಗೆ ಹಗುರವೂ ಆಗಿತ್ತು.

ಎರಡನೆಯ ದಿನ ಸಂಜೆ ಶಾಲೆ ಬಿಟ್ಟು ಗೇಟಿನ ಹತ್ತಿರ ನಿಂತಿದ್ದೆ. ಉಡುಪಿಯಿಂದ ಬಂದ ಬಸ್ಸು ಸ್ಟಾಪು ಅಲ್ಲದ ಜಾಗದಲ್ಲಿ ನಿಂತಿತು. ಕಂಡಕ್ಟರ್ ಇಳಿದು ನೇರ ನನ್ನ ಹತ್ತಿರ ಬಂದ. "ಮಾಸ್ಟ್ರೇ, ನಿಮ್ಮ ಅಕ್ಕ ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿದ್ದಾರಂತೆ. ಮಧ್ಯಾಹ್ನದಿಂದ ನಿಮಗೆ ಫೋನ್ ಹೋಗುದಿಲ್ಲಂತೆ. ಬಸ್‌ಸ್ಟ್ಯಾಂಡಿಗೆ ಬಂದು ಒಬ್ಬರು ಹೇಳಿ ಹೋದರು." ಬಸ್ಸು ಮುಂದೆ ಹೋಗಿ ತಿರುಗಿ ಬರುವವರೆಗೆ ನಾನು ಅಲ್ಲೇ ನಿಂತಿದ್ದೆ. ಒಬ್ಬ ಹುಡುಗನನ್ನು ಮನೆಗೆ ಓಡಿಸಿ ವಾರಿಜಳಿಗೆ ಸುದ್ದಿ ಮುಟ್ಟಿಸಿದೆ ಎಂದು ಆಮೇಲೆ ಅವಳೇ ಹೇಳಿದಳು. ನನಗೆ ನೆನಪಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಲಾರೆನ್ಸ್ ಕೂತಿದ್ದ. ಅಕ್ಕನ ಪಕ್ಕದ ಮನೆಯವನು, ಆಟೋ ಓಡಿಸುತ್ತಾನೆ. ಬಸ್‌ಸ್ಟ್ಯಾಂಡಿಗೆ ಹೋಗಿ ಹೇಳಿದವನೂ ಅವನೇ. ನಡೆದದ್ದನ್ನು ಅವನು ಮೆಲ್ಲಗೆ ಹೇಳಿದ. ಬೆಳಿಗ್ಗೆಯೇ ಅಕ್ಕನ ಬಲಗೈ ಜೋಮು ಹಿಡಿದಂತೆ ಆಗಿದೆ. ಬಾಯಿ ಸ್ವಲ್ಪ ಸೊಟ್ಟಗಾಗಿದೆ. ಆಸ್ಪತ್ರೆಗೆ ಹೋಗಬೇಕಾ, ಎಣ್ಣೆ ತಿಕ್ಕಿದರೆ ಸಾಕಾ ಎಂದು ಕೇಳಲು ನನಗೆ ಫೋನು ಮಾಡಿದ್ದಾಳೆ. ಫೋನು ಹೋಗಲಿಲ್ಲ. ಲಾರೆನ್ಸನ ಹೆಂಡತಿ ಸಿಸಿಲಿಯಾ ಬೇಲಿಯ ಆಚೆಯಿಂದ ನೋಡಿ ಯಾಕೆ ಸುಮ್ಮನೆ ಕೂತಿದ್ದೀರಿ ಎಂದು ಕೇಳಿದರೆ, ತೊದಲುತ್ತ, ತಮ್ಮನಿಗೆ ರೇಂಜ್ ಇಲ್ಲ, ಬಂದ ಕೂಡಲೇ ಅವನೇ ಮಾಡ್ತಾನೆ ಅಂದಳಂತೆ. ಸಿಸಿಲಿಯಾ ಅನುಮಾನ ಬಂದು ಇನ್ನೊಮ್ಮೆ ಹೋಗಿ ನೋಡುವಾಗ ಮಧ್ಯಾಹ್ನ. ಅಕ್ಕ ಅದೇ ಜಗಲಿಯಲ್ಲಿ, ಫೋನನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕಡೆಗೆ ವಾಲಿ ಕೂತಿದ್ದಳು. ಮಾತು ನಿಂತುಹೋಗಿತ್ತು.

"ನಾನು ಮೊದಲು ನಿಮಗೆ ಬೈದೆ ಮಾಸ್ಟ್ರೇ, ಕ್ಷಮಿಸಬೇಕು," ಎಂದ ಲಾರೆನ್ಸ್. "ಮತ್ತೆ ಕಂಡಕ್ಟರ್ ಹೇಳಿದ, ಅಲ್ಲಿ ಟವರೇ ಬಂದ್ ಅಂತ. ನೀವು ಎಂತ ಮಾಡುದು, ಅಲ್ವಾ."

ಹಾಗೆಂದು ಅವನು ನನ್ನ ಭುಜ ತಟ್ಟಿದ. ನೆಂಟರು ಬಂದರು, ಎಲ್ಲರೂ ಅದನ್ನೇ ಹೇಳಿದರು. ಪಾಪ, ರೇಂಜ್ ಇರಲಿಲ್ಲ. ನನ್ನ ಜೀವನದಲ್ಲಿ ಆ ಮಾತು ಪೂರ್ತಿ ನಿಜವಾದದ್ದು ಆ ಒಂದು ದಿನ, ಆ ಒಂದು ದಿನ ಎಲ್ಲರೂ ನಂಬಿದರು. ಒಬ್ಬರಾದರೂ ನನ್ನನ್ನು ಗಟ್ಟಿಯಾಗಿ ಬೈಯುತ್ತಾರೆಂದು ಕಾದೆ. ಬೈಯುವ ಹಕ್ಕಿದ್ದವಳು ಒಳಗೆ ಮಲಗಿದ್ದಳು. ಬೆಳಿಗ್ಗೆಯೇ ತಂದಿದ್ದರೆ ಎಂದು ಡಾಕ್ಟರು ಶುರು ಮಾಡಿದ ವಾಕ್ಯವನ್ನು ನನ್ನ ಮುಖ ನೋಡಿ ಮುಗಿಸಲಿಲ್ಲ. ಮರುದಿನ ವಾರಿಜ ಅಕ್ಕನ ಚೀಲದಲ್ಲಿದ್ದ ಫೋನನ್ನು ಚಾರ್ಜಿಗೆ ಹಾಕಿದಳು. ಅದರಲ್ಲಿ ನನ್ನ ಹೆಸರು ಬೆಳಗಿನಿಂದ ಹನ್ನೊಂದು ಸಲ ಇತ್ತು. ವಾರಿಜ ಅದನ್ನು ನನಗೆ ತೋರಿಸಿ ಮತ್ತೆ ಚಾರ್ಜಿಗೆ ಇಟ್ಟಳು.

ಅಕ್ಕ ಬದುಕಿದಳು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ಉಳಿಯಿತು, "ಅಂದ್." ತುಳುವಿನಲ್ಲಿ ಹೌದು ಎಂದರ್ಥ. ಹೀಗೆ ಒಂದು ಶಬ್ದ ಮಾತ್ರ ಉಳಿಯುವುದುಂಟು, ಮನಸ್ಸಿನಲ್ಲಿ ಬೇರೆ ಇದ್ದರೂ ಬಾಯಿಗೆ ಅದೇ ಬರುತ್ತದೆ ಎಂದು ಡಾಕ್ಟರು ಹೇಳಿದರು. ನಮ್ಮ ಮನೆಗೆ ಬರ್ತೀಯಾ ಎಂದು ಕೇಳಿದೆ, ಅಂದ್ ಅಂದಳು. ಮಟ್ಟುವಿನಲ್ಲೇ ಇರ್ತೀಯಾ ಎಂದು ಕೇಳಿದೆ, ಅದಕ್ಕೂ ಅಂದ್. ಕೊನೆಗೆ ಗುಳ್ಳದ ಗದ್ದೆಯನ್ನು ಲಾರೆನ್ಸನಿಗೆ ನೋಡಿಕೊಳ್ಳಲು ಹೇಳಿ ಅವಳನ್ನು ನಮ್ಮ ಮನೆಗೆ ಕರೆತಂದೆವು. ಮಲಗುವ ಕೋಣೆ ಅವಳಿಗೆ. ಈಗ ಆ ಕೋಣೆಯಲ್ಲೂ ರೇಂಜು ತುಂಬಿ ತುಳುಕುತ್ತದೆ.

ಟವರು ಸರಿಯಾದದ್ದಕ್ಕೆ ಊರಿಗೆಲ್ಲ ಖುಷಿ. ಪೇಟೆಯಿಂದ ದೂರ ಬಿದ್ದವರು, ಮಕ್ಕಳ ಕ್ಲಾಸಿಗೆ, ಗಲ್ಫಿನ ಫೋನಿಗೆ ಗುಡ್ಡ ಹತ್ತುತ್ತಿದ್ದವರು, ಅವರ ಖುಷಿ ಸುಳ್ಳಲ್ಲ. ನನ್ನ ನಂಬರಿನ ಹೆಸರಲ್ಲಿ ಬಿಡದೆ ದೂರು ಹೋದದ್ದರಿಂದಲೇ ಕೆಲಸವಾಯಿತು ಎಂದು ಎಂಜಿನಿಯರು ಯಾರಿಗೋ ಹೇಳಿದ್ದ. ಯುವಕ ಮಂಡಲದವರು ಸಣ್ಣ ಕಾರ್ಯಕ್ರಮ ಇಟ್ಟು ನನಗೆ ಶಾಲು ಹೊದಿಸಿದರು. ನಾನು ಮೈಕಿನ ಮುಂದೆ ನಿಂತು, ಇದು ನನ್ನ ಹೋರಾಟ ಅಲ್ಲ, ನನ್ನ ಅಕ್ಕನದು, ನಾನು ಅವಳಿಗೆ ಸುಳ್ಳು ಹೇಳುತ್ತಿದ್ದೆ ಎನ್ನಲು ಹೊರಟೆ. ಸುಳ್ಳು ಎಂಬ ಶಬ್ದ ಬರುವ ಮೊದಲೇ ಮೈಕಿನಿಂದ ಹಿಂದೆ ಸರಿದು ಶಾಲಿನ ತುದಿಯಿಂದ ಮುಖ ಒರೆಸಿಕೊಂಡೆ. ಮೇಷ್ಟ್ರಿಗೆ ಅಕ್ಕನ ನೆನಪಾಗಿ ದುಃಖ ಬಂತೆಂದು ಜನ ಚಪ್ಪಾಳೆ ತಟ್ಟಿದರು. ಸಜ್ಜನ, ಎಷ್ಟು ವಿನಯ ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ವಾರಿಜ ಕಾರ್ಯಕ್ರಮಕ್ಕೆ ಬಂದಿರಲಿಲ್ಲ.

ಊರಿನ ಮುಂದೆ ಹೇಳಲಾಗದ್ದನ್ನು ಅಕ್ಕನ ಮುಂದೆಯೇ ಹೇಳಿಬಿಡುತ್ತೇನೆಂದು ಮರುದಿನ ಸಂಜೆ ಅವಳ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡೆ. ಗಂಜಿ ಕುಡಿದು ದಿಂಬಿಗೆ ಒರಗಿದ್ದಳು. ಸುತ್ತಿ ಬಳಸದೆ ಹೇಳಿದೆ.

"ಅಕ್ಕಾ, ಅಷ್ಟು ವರ್ಷ ರೇಂಜ್ ಇತ್ತು. ನಾನೇ ಕಟ್ ಮಾಡ್ತಿದ್ದೆ."

"ಅಂದ್," ಎಂದಳು.

"ನಿನಗೆ ಗೊತ್ತಿತ್ತಾ?"

"ಅಂದ್."

"ಗೊತ್ತಿರಲಿಲ್ಲ, ಅಲ್ವಾ?"

"ಅಂದ್."

ನನ್ನ ಮೇಲೆ ಸಿಟ್ಟುಂಟಾ ಎಂದು ಕೇಳಿದೆ, ಅಂದ್. ಸಿಟ್ಟಿಲ್ಲವಾ ಎಂದೆ, ಅದಕ್ಕೂ ಅಂದ್. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಅದರಲ್ಲಿ ಏನಿತ್ತೆಂದು ಓದಲು ನನಗೆ ಬರಲಿಲ್ಲ. ಅವಳ ಮುಖ ನೋಡಿ ಮಾತಾಡಿದ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು. ಶಾಲೆಯ ಸುದ್ದಿ ಹೇಳಲು ಶುರು ಮಾಡಿದೆ. ಮುಖ್ಯೋಪಾಧ್ಯಾಯರ ಮೇಲಿನ ದೂರುಗಳು, ಪ್ರಶ್ನೆಪತ್ರಿಕೆಯಲ್ಲಿ ಬಿದ್ದ ತಪ್ಪು, ಅದನ್ನು ಅಚ್ಚು ಮಾಡಿದವನ ಸೋದರಮಾವನ ಜಮೀನಿನ ತಕರಾರು. ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತಿದ್ದೇನೆಂದು ನನಗೇ ಗೊತ್ತಾಯಿತು, ನಿಲ್ಲಿಸಲು ಮಾತ್ರ ಆಗಲಿಲ್ಲ. ವಾರಿಜ ಬಾಗಿಲಲ್ಲಿ ನಿಂತು ನೋಡಿ ಹೋದಳು. ಬಹಳ ಹೊತ್ತಿನ ಮೇಲೆ ಉಸಿರು ತೆಗೆದುಕೊಂಡು, ನನ್ನ ಮಾತು ಕೇಳಿ ನಿನಗೆ ಬೇಜಾರಾಗ್ತಾ ಉಂಟಾ ಅಕ್ಕಾ ಎಂದು ಕೇಳಿದೆ.

"ಅಂದ್," ಎಂದು ಅಕ್ಕ ಕಣ್ಣು ಮುಚ್ಚಿಕೊಂಡಳು. ಉಳಿದ ಉತ್ತರಗಳ ಬಗ್ಗೆ ನನಗೆ ಇವತ್ತಿಗೂ ಸಂಶಯ ಉಂಟು. ಇದೊಂದು ಮಾತ್ರ ಸರಿಯುತ್ತರ ಎಂದು ಗಣಿತದ ಮೇಷ್ಟ್ರಾಗಿ ಒಪ್ಪಿಕೊಂಡು, ಕುರ್ಚಿ ಇದ್ದಲ್ಲೇ ಬಿಟ್ಟು ಎದ್ದು ಬಂದೆ.