ಮಂಗಳವ್ವನ ಬಾವಿ ನೀರು

ಹಿಂದಿನ ದಿನ ಐದು ತಾಸು ಕರೆಂಟು ಹೋದದ್ದೇ ಮಾಲತೇಶಪ್ಪನ ಸಂಕಟಕ್ಕೆ ಮೂಲ.

ರಾಣೆಬೆನ್ನೂರಿನ ಹೊರಗೆ, ಗಟಾರದ ನೀರನ್ನು ಶುದ್ಧ ಮಾಡಿ ಹಳ್ಳಕ್ಕೆ ಬಿಡುವ ಘಟಕದಲ್ಲಿ ಆತ ಆಪರೇಟರ್. ಅಲ್ಲಿನ ತೊಟ್ಟಿಯಲ್ಲಿ ಹೊಲಸನ್ನು ತಿನ್ನುವ, ಕಣ್ಣಿಗೆ ಕಾಣದ ಹುಳುಗಳಿದ್ದವು. ಯಂತ್ರ ಗಾಳಿ ಊದದಿದ್ದರೆ ಅವು ಸಾಯುತ್ತವೆಂದು ತರಬೇತಿಯಲ್ಲಿ ಕೇಳಿದಂದಿನಿಂದ, ಕರೆಂಟು ಹೋದಾಗಲೆಲ್ಲ ಆತನಿಗೇ ಉಸಿರು ಕಟ್ಟುತ್ತಿತ್ತು.

ಇಂದು ತರಬೇತಿಯ ಕೊನೆಯ ಪರೀಕ್ಷೆ. ಪಾಸಾದರೆ ನೌಕರಿ ಕಾಯಂ. ಪರೀಕ್ಷೆಗೆ ಧಾರವಾಡದಿಂದ ಮೇಧಾ ಮೇಡಂ ಬಂದಿದ್ದರು. ಶುದ್ಧವಾಗಿ ಹೊರಬೀಳುವ ನೀರನ್ನು ಬಾಟಲಿಯಲ್ಲಿ ಹಿಡಿದು ತರಬೇಕು. ಅವರು ಅದಕ್ಕೆ ಔಷಧದ ಹನಿ ಹಾಕುವರು. ಹೊಲಸು ಉಳಿದಿದ್ದರೆ ನೀರು ಹಳದಿಯಾಗುವುದು.

ಮಾಲತೇಶಪ್ಪ ಬಾಟಲಿ ತುಂಬಿ, ಹೆಣ್ಣು ನೋಡಲು ಬಂದವರಂತೆ ಎಲ್ಲ ಮಗ್ಗುಲಿಂದ ನೋಡಿದ.

"ಸಾಬಣ್ಣಾ, ಜರಾ ಮಬ್ಬು ಕಾಣ್ತೈತಿ ಅಲ್ಲಾ? ಹುಳಾ ಸತ್ತಾವೇನೋ!"

ಪಂಪು ನೋಡಿಕೊಳ್ಳುವ ಶಮಶೇರಸಾಬ ತಿರುಗಿಯೂ ನೋಡಲಿಲ್ಲ. "ಮಬ್ಬಾಗಿದ್ದು ನಿನ್ನ ಮಾರಿ. ಅಷ್ಟು ಅಂಜಿಕಿ ಇದ್ರ, ಕುಡ್ಯಾಕ ಮನಿಯಿಂದ ಕ್ಯಾನಿನಾಗ ತಂದೀ ಅಲ್ಲ, ಮಂಗಳವ್ವನ ಬಾವಿ ನೀರು? ಅದನ್ನ ತುಂಬಿ ಕೊಡು. ಕನ್ನಡಿ ಇದ್ದಂಗ ಐತಿ."

ಮಂಗಳವ್ವ ಆತ ಬಾಡಿಗೆಗಿದ್ದ ಮನೆಯ ಒಡತಿ. ಆಕೆಯ ಹಿತ್ತಲ ಬಾವಿಯ ನೀರನ್ನು ಓಣಿಯೆಲ್ಲ ಕುಡಿಯುತ್ತಿತ್ತು. ಆಕೆಯಂತೂ ಮದುವೆಗೆ ಬಂದ ಮಗಳನ್ನು ಹೊಗಳಿದಂತೆ ಅದನ್ನು ಹೊಗಳುತ್ತಿದ್ದಳು.

ಮಾಲತೇಶಪ್ಪ ಎರಡು ಸಲ ಬೇಡವೆಂದುಕೊಂಡ. ಮೂರನೆಯ ಸಲ ಇನ್ನೊಂದು ಬಾಟಲಿಗೆ ಬಾವಿಯ ನೀರು ತುಂಬಿದ. ಮೊದಲಿನದು ಮೇಜಿನ ಕೆಳಗೆ ಸೇರಿತು.

ಬಿಸಿಲಲ್ಲಿ ಸುತ್ತಾಡಿ ಬಂದ ಮೇಡಂ ಕ್ಯಾನಿನ ನೀರು ಕುಡಿದು, "ಭಾಳ ಛಲೋ ಅದಾವ್ರಿ ನೀರು" ಎಂದರು. ಮಾಲತೇಶಪ್ಪನ ಎದೆ ಹಗುರಾಯಿತು. ಬಾಟಲಿ ಮುಂದಿಟ್ಟ. ಹನಿ ಬಿತ್ತು. ನೀರು ಅರಿಸಿನ ಕದಡಿದಂತೆ ಹಳದಿಯಾಯಿತು.

"ಏನ್ರೀ ಇದು! ಇದರಾಗ ಪಾಯಿಖಾನಿ ನೀರು ಕೂಡೇತಿ. ಹಳ್ಳಕ್ಕ ಬಿಡಾಕೂ ಬರಂಗಿಲ್ಲ."

ಮಾಲತೇಶಪ್ಪನ ಕಣ್ಣ ಮುಂದೆ ಬಾವಿಯ ಮಗ್ಗುಲಿನ ಪಾಯಿಖಾನೆ ಗುಂಡಿ ಬಂದು ನಿಂತಿತು. ತಪ್ಪನ್ನು ಕರೆಂಟಿನ ಮೇಲೆ ಹಾಕಬಹುದಿತ್ತು. ಅಷ್ಟರಲ್ಲಿ ಮೇಡಂ, "ಆ ಛಲೋ ನೀರು ಇನ್ನೊಂದು ಗ್ಲಾಸ್ ಕೊಡ್ರಿ" ಎಂದರು. ಶಮಶೇರಸಾಬ ಕೊಟ್ಟೇಬಿಟ್ಟ. ಗ್ಲಾಸು ಅವರ ತುಟಿಯವರೆಗೆ ಹೋಯಿತು.

"ಬ್ಯಾಡ್ರೀ ಮೇಡಂ! ಆ ಬಾಟಲಿ ಒಳಗಿಂದೂ ಇದ ನೀರು!"

ಮೇಡಂ ಗ್ಲಾಸನ್ನು ಎರಡೇ ಬೆರಳಲ್ಲಿ ಹಿಡಿದು ಕೆಳಗಿಟ್ಟರು. ಮಾಲತೇಶಪ್ಪ ಬೆವರುತ್ತ ಎಲ್ಲವನ್ನೂ ಹೇಳಿ, ಮೇಜಿನ ಕೆಳಗಿನ ಬಾಟಲಿ ತೆಗೆದ. ಅದಕ್ಕೂ ಹನಿ ಬಿತ್ತು. ಬಣ್ಣ ಬದಲಾಗಲಿಲ್ಲ.

"ನಿಮ್ಮ ಹುಳಾ ತಮ್ಮ ಕೆಲಸ ಮಾಡ್ಯಾವ್ರಿ. ನೀವ ಅವನ್ನ ನಂಬಲಿಲ್ಲ" ಎಂದ ಮೇಡಂ ಕಾಗದದ ಮೇಲೆ ಬರೆದರು: ಘಟಕ ಪಾಸು, ಆಪರೇಟರ್ ನಾಪಾಸು.

ಜೀಪು ಹೋದ ಮೇಲೆ ಮಾಲತೇಶಪ್ಪ ತೊಟ್ಟಿಯ ಕಟ್ಟೆಯ ಮೇಲೆ ಕುಳಿತ. ನೌಕರಿಯ ಮಾತು ಹಾಗಿರಲಿ, ಮಂಗಳವ್ವನಿಗೆ ಏನೆಂದು ಹೇಳುವುದು?

ಶಮಶೇರಸಾಬ ಮಗ್ಗುಲಿಗೆ ಬಂದು ಕುಳಿತು, ಸಮಾಧಾನದ ದನಿಯಲ್ಲಿ ಹೇಳಿದ:

"ಚಿಂತಿ ಮಾಡಬ್ಯಾಡ ಮಾಲತೇಶಾ. ನಾಳಿಂದ ಆ ಬಾವಿ ನೀರು ಇಲ್ಲಿಗೆ ತಂದು ಸುರುವು. ಶುದ್ಧ ಮಾಡಿ ಕಳಸೂನು."