ಗೆದ್ದು ಹೋದ ನೆಂಟರು

ಗೆಲ್ಲುವ ತಂಡದ ಅಭಿಮಾನಿಯಾಗುವುದು ಯಾರಿಗೆ ಬೇಕಾದರೂ ಬರುತ್ತದೆ. ಟೀವಿ ಹಾಕಿ ಸೋಫಾದ ಮೇಲೆ ಕಾಲು ಚಾಚಿದರೆ ಆಯಿತು, ಉಳಿದದ್ದನ್ನು ಆಟಗಾರರು ನೋಡಿಕೊಳ್ಳುತ್ತಾರೆ. ಸೋಲುವ ತಂಡದ ಅಭಿಮಾನಿಗೆ ಮಾತ್ರ ಕೈತುಂಬ ಕೆಲಸ. ಸೋಲಿಗೆ ಕಾರಣ ಹುಡುಕಬೇಕು, ಗಾಳಿಯನ್ನು ಬೈಯಬೇಕು, ರೆಫರಿಯ ಕಣ್ಣಿನ ಬಗ್ಗೆ ಅನುಮಾನ ಪಡಬೇಕು, ಕೊನೆಗೆ ಮನೆಗೆ ಬಂದು ಹೆಂಡತಿಯ ಮುಖ ನೋಡದೆ ಊಟ ಮುಗಿಸಬೇಕು. ಇದೆಲ್ಲದರಲ್ಲಿ ನಾನು ಸಾಕಷ್ಟು ಪಳಗಿದವನು. ಡೆಲ್ಫ್ಟ್ ಎಂಬ ಡಚ್ ಊರಿನಲ್ಲಿ ಇದ್ದುಕೊಂಡು ರಗ್ಬಿ ಲೀಗ್ ತಂಡವೊಂದನ್ನು ಬೆಂಬಲಿಸುತ್ತೇನೆ ಎಂದರೆ ನನ್ನ ಸ್ವಭಾವ ನಿಮಗೆ ಸುಮಾರಾಗಿ ಅರ್ಥವಾದೀತು. ಈ ದೇಶಕ್ಕೆ ಗೊತ್ತಿರುವುದು ಫುಟ್‌ಬಾಲ್. ರಗ್ಬಿ ಗೊತ್ತಿರುವವರೇ ಕೆಲವರು, ಅವರಿಗೂ ಗೊತ್ತಿರುವುದು ಹದಿನೈದು ಜನ ಆಡುವ ರಗ್ಬಿ. ನಮ್ಮದು ಹದಿಮೂರು ಜನರದು. "ಇನ್ನಿಬ್ಬರು ಎಲ್ಲಿ?" ಎಂದು ಆಫೀಸಿನಲ್ಲಿ ಕೇಳಿದವರಿಗೆ ವಿವರಿಸಿ ವಿವರಿಸಿ ಸಾಕಾಗಿ, ಈಗ ಅವರಿಗೆ ಹುಷಾರಿಲ್ಲ ಎಂದು ಹೇಳಿಬಿಡುತ್ತೇನೆ. ಇಲ್ಲಿನವರು ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಮುಂದೆ ದೊಡ್ಡ ಪೆಟ್ಟಿಗೆ ಇರುವ ಸೈಕಲ್ ಇಟ್ಟುಕೊಂಡಿರುತ್ತಾರೆ. ನಮ್ಮ ತಂಡದ ಅಭಿಮಾನಿಗಳನ್ನೆಲ್ಲ ಅಂಥ ಒಂದೇ ಸೈಕಲ್ಲಿನಲ್ಲಿ ಕೂರಿಸಿ ಊರು ಸುತ್ತಿಸಬಹುದು, ಜಾಗ ಇನ್ನೂ ಉಳಿಯುತ್ತದೆ.

ನಾನು ಈ ಹುಚ್ಚಿಗೆ ಬಿದ್ದದ್ದು ಒಂದು ವಾಷಿಂಗ್ ಮಷಿನ್‌ನಿಂದ. ಇಲ್ಲಿನ ಹಳೆಯ ಮನೆಗಳ ಮೆಟ್ಟಿಲನ್ನು ಕಟ್ಟಿದವರು ಏಣಿ ಮಾಡುವುದೋ ಮೆಟ್ಟಿಲು ಮಾಡುವುದೋ ಎಂದು ಕೊನೆಯವರೆಗೂ ತೀರ್ಮಾನಿಸಿರಲಿಲ್ಲ. ಮಷಿನ್ ತಂದವರು ನಮ್ಮ ಮೆಟ್ಟಿಲನ್ನು ಒಮ್ಮೆ ನೋಡಿ, ಅದನ್ನು ಬಾಗಿಲಲ್ಲೇ ಇಳಿಸಿ ಹೊರಟುಹೋದರು. ನಾನೂ ನನ್ನ ಹೆಂಡತಿ ಶೈಲಜಾಳೂ ಅದರ ಎರಡು ಬದಿಗೆ ನಿಂತು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಬಾಸ್ ಬಂದ. ಅವನ ಹೆಸರೇ ಬಾಸ್. ಎಮ್ಮೆಯ ಭುಜದ ಆ ಹುಡುಗ ಮಷಿನ್ನನ್ನು ಬೆನ್ನಿಗೆ ಹಾಕಿಕೊಂಡು ಸರಸರನೆ ಹತ್ತಿದ. ಇದಕ್ಕೆ ಪ್ರತಿಯಾಗಿ ಏನು ಮಾಡಲಿ ಎಂದು ನಾನು ಕೇಳಿದ್ದೇ ತಪ್ಪಾಯಿತು. ತಾನು ರಗ್ಬಿ ಲೀಗ್ ತಂಡವೊಂದರ ಕ್ಯಾಪ್ಟನ್, ಶನಿವಾರ ಮ್ಯಾಚ್ ಇದೆ, ನೋಡಲು ಯಾರೂ ಬರುವುದಿಲ್ಲ, ನೀವು ಬನ್ನಿ ಎಂದ. ಹೋದೆ. ಆ ದಿನ ಅವರು ಸೋತ ರೀತಿ ನೋಡಿ, ಇವರನ್ನು ಹೀಗೆಯೇ ಬಿಟ್ಟು ಬರುವುದು ಮನುಷ್ಯತ್ವವಲ್ಲ ಅನ್ನಿಸಿತು.

ಕ್ರಮೇಣ ನನಗೊಂದು ಜವಾಬ್ದಾರಿಯೂ ಸಿಕ್ಕಿತು. ನಮ್ಮ ಮೈದಾನ ಫುಟ್‌ಬಾಲ್ ಕ್ಲಬ್ಬೊಂದರಿಂದ ಎರವಲು ಪಡೆದದ್ದು. ಅದರ ಒಂದು ಪಕ್ಕಕ್ಕೆ ಉದ್ದಕ್ಕೂ ನೀರಿನ ಕಾಲುವೆ. ಒದ್ದ ಚೆಂಡು ಆಟಕ್ಕೊಮ್ಮೆಯಾದರೂ ಅದರಲ್ಲಿ ಬೀಳಬೇಕು. ಉದ್ದ ಕೋಲಿಗೆ ಕಟ್ಟಿದ ಬಲೆ ಹಿಡಿದು ಅದನ್ನು ಎತ್ತುವವನು ನಾನು. ಮೈಸೂರಿನಲ್ಲಿರುವ ಮಾವನಿಗೆ ಫೋನಿನಲ್ಲಿ ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಿರಲಿಲ್ಲ. "ಕ್ಲಬ್ಬಿನಲ್ಲಿ ನನಗೂ ಒಂದು ಹುದ್ದೆ ಇದೆ, ಮಾವ. ಶನಿವಾರ ನಾನಿಲ್ಲದೆ ಆಟ ನಡೆಯೋಲ್ಲ" ಎಂದಿದ್ದೆ. ಎರಡನೆಯ ಮಾತು ನೂರಕ್ಕೆ ನೂರು ಸತ್ಯ.

ಈ ವರ್ಷ ಮೇ ತಿಂಗಳಲ್ಲಿ ಮಾವ ಬಂದರು. ಅತ್ತೆಗೆ ವಿಮಾನ ಎಂದರೆ ಆಗದು, ಹಾಗಾಗಿ ಒಬ್ಬರೇ ಬಂದರು. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಸಿಕ್ಕವರ ಮನೆಮಂದಿಯ ಯೋಗಕ್ಷೇಮ ವಿಚಾರಿಸದೆ ಮುಂದೆ ಹೆಜ್ಜೆ ಇಡುವವರಲ್ಲ. ಅವರು ಬಂದ ವಾರವೇ ನಮ್ಮ ಮೈದಾನದಲ್ಲಿ ಋತುವಿನ ಕೊನೆಯ ಪಂದ್ಯ. ಆವರೆಗೆ ನಮ್ಮವರು ಸ್ವಂತ ಮೈದಾನದಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಫುಟ್‌ಬಾಲ್ ಕ್ಲಬ್ಬಿನ ಹುಲ್ಲು ಕತ್ತರಿಸುವ ಮುದುಕ ಸಹ ನಮ್ಮನ್ನು ಕಂಡರೆ ಸಮಾಧಾನದ ಮಾತಾಡತೊಡಗಿದ್ದ. ಒಂದೇ ಒಂದು ಗೆಲುವು, ಅದೂ ಮಾವನ ಕಣ್ಣೆದುರಿಗೆ, ಸಿಕ್ಕಿಬಿಟ್ಟರೆ ಈ ಜನ್ಮಕ್ಕೆ ಸಾಕು ಎಂಬ ಸ್ಥಿತಿ ನನ್ನದು. ನನ್ನ ಅವಸ್ಥೆ ನೋಡಲಾರದೆ ಶೈಲಜಾ ಆಟಗಾರರಿಗೆಂದು ಒಂದು ಡಬ್ಬಿ ಕೋಡುಬಳೆ ಕರಿದು ಕೊಟ್ಟಳು. "ಇದನ್ನ ತಿಂದಾದ್ರೂ ಗೆಲ್ಲಲಿ. ಈ ಸಲವೂ ಸೋತು ಬಂದ್ರೆ ಭಾನುವಾರ ಪೂರ್ತಿ ನಿಮ್ಮ ಮುಖ ನೋಡೋಕೆ ನನ್ ಕೈಲಾಗಲ್ಲ" ಎಂದಳು.

ಮಾವ ಸ್ವೆಟರ್ ಮೇಲೆ ಕೋಟು, ಅದರ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ನಾನು ನಿಯಮ ಹೇಳಿಕೊಟ್ಟೆ. ಚೆಂಡು ಹಿಡಿದು ಓಡುವುದು, ಎದುರಿನವರು ಕೆಡವುವುದು, ಹೀಗೆ ಆರು ಸಲ ಬಿದ್ದ ಮೇಲೆ ಚೆಂಡನ್ನು ಅವರಿಗೆ ಬಿಟ್ಟುಕೊಡುವುದು.

"ಒಳ್ಳೇ ಪದ್ಧತಿ ಕಣ್ರೀ. ಒಬ್ರೇ ಇಟ್ಕೊಂಡ್ರೆ ಉಳಿದವರಿಗೆ ಸಿಗೋದು ಯಾವಾಗ?" ಎಂದರು ಮಾವ.

ನನ್ನ ಎದೆ ಉಬ್ಬಿತು. ಈ ಆಟದ ತಿರುಳನ್ನು ಇಷ್ಟು ಬೇಗ ಹಿಡಿದವರನ್ನು ನಾನು ನೋಡಿರಲಿಲ್ಲ. ಸಾಲದ್ದಕ್ಕೆ ನಮ್ಮ ಹುಡುಗರು ಅಂದು ಯಾರೋ ಬೇರೆಯವರ ಹಾಗೆ ಆಡುತ್ತಿದ್ದರು. ಅರ್ಧ ಆಟ ಮುಗಿದಾಗ ಹನ್ನೆರಡು–ಹತ್ತು, ಹನ್ನೆರಡು ನಮ್ಮದು. ಬಾಸ್ ಮೂಗಿನಲ್ಲಿ ರಕ್ತ ಸುರಿಸಿಕೊಂಡೇ ನಗುತ್ತಿದ್ದ. ನಾನು ಅವನ ಬೆನ್ನು ತಟ್ಟಿ, ಕೋಡುಬಳೆ ತರೋಣವೆಂದು ಬೆಂಚಿನ ಕಡೆ ತಿರುಗಿದೆ. ಬೆಂಚಿನಲ್ಲಿ ಮಾವನೂ ಇಲ್ಲ, ಡಬ್ಬಿಯೂ ಇಲ್ಲ.

ಮಾವ ಮೈದಾನದ ಆಚೆ ಬದಿಯಲ್ಲಿದ್ದರು. ಎದುರಾಳಿಗಳು ಸುತ್ತ ನೆರೆದಿದ್ದರು. ಮಾವ ಒಬ್ಬೊಬ್ಬರ ಅಂಗೈಗೂ ಕೋಡುಬಳೆ ಹಾಕುತ್ತಾ, ಯಾವ ಊರು, ಎಷ್ಟು ದೂರ, ತಂದೆ ತಾಯಿ ಹೇಗಿದ್ದಾರೆ ಎಂದು ತಮ್ಮ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ನಾನು ಓಡಿದೆ.

"ಮಾವ, ಇದು ನಮ್ಮವರಿಗೆ ಮಾಡಿದ್ದು."

"ನಮ್ಮವರಿಗೆ ಆಮೇಲೆ ಕೊಟ್ರಾಯ್ತು. ಮೊದ್ಲು ಬಂದವರಿಗೆ. ಪಾಪ, ಉತ್ತರದ ತುದಿಯಿಂದ ಎರಡು ಟ್ರೈನ್ ಬದಲಾಯಿಸಿ ಬಂದಿದಾರೆ. ಚಪ್ಪಾಳೆ ತಟ್ಟೋಕೆ ಅವರ ಕಡೆಯವರು ಒಬ್ರೂ ಇಲ್ಲ. ನೀವು ಆ ಕಡೆ ನೋಡ್ಕೊಳ್ಳಿ, ಈ ಕಡೆ ನಾನಿರ್ತೀನಿ."

ಮದುವೆಮನೆಯಲ್ಲಿ ಪಂಕ್ತಿ ಹಂಚಿಕೊಳ್ಳುವವರ ಹಾಗೆ ಅವರು ಹೇಳಿದರು. ನಿಮ್ಮ ತಂಡ ಯಾವುದು ಎಂದು ಅಳಿಯನಾದವನು ಮಾವನನ್ನು ಕೇಳುವುದಾದರೂ ಹೇಗೆ? ಡಬ್ಬಿ ನಮ್ಮ ಕಡೆಗೆ ಬಂದಾಗ ಅದರಲ್ಲಿ ಪುಡಿ ಇತ್ತು. ಬಾಸ್ ಅದನ್ನೇ ಬೆರಳಿಗೆ ಅಂಟಿಸಿಕೊಂಡು ತಿಂದು ತುಂಬಾ ಚೆನ್ನಾಗಿದೆ ಎಂದ. ಆ ಹುಡುಗನ ಒಳ್ಳೆಯತನಕ್ಕೆ ನನಗೆ ಅಳು ಬಂತು.

ದ್ವಿತೀಯಾರ್ಧದಲ್ಲಿ ಎದುರಾಳಿಗಳ ಕಾಲಿಗೆ ಎಲ್ಲಿಂದಲೋ ಕಸುವು ಬಂದಿತ್ತು. ಅದು ಅಕ್ಕಿಹಿಟ್ಟಿನದೋ, ಒಬ್ಬ ಮುದುಕ ತಮ್ಮ ಹೆಸರು ಹಿಡಿದು ಕರೆಯುತ್ತಾ ಚಪ್ಪಾಳೆ ತಟ್ಟಿದ್ದರದೋ ತಿಳಿಯದು. ಯಾರಾದರೂ ಬಿದ್ದರೆ ಮಾವ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರು. ಆದರೂ ನಮ್ಮವರು ಜಗ್ಗಲಿಲ್ಲ. ಇನ್ನೇನು ಮೂರು ನಿಮಿಷ ಎನ್ನುವಾಗ ಹದಿನಾರು–ಹದಿನಾಲ್ಕು, ಹದಿನಾರು ನಮ್ಮದು. ಆಗ ಬಾಸ್ ಚೆಂಡನ್ನು ದೂರ ಒದ್ದ. ಅದು ಗೆರೆ ದಾಟಿ ಪುಟಿದು ಕಾಲುವೆಗೆ ಬಿತ್ತು. ಇನ್ನು ಅದನ್ನು ಆಡಿಸುವ ಸರದಿ ಎದುರಾಳಿಗಳದು.

ಇನ್ನೊಂದು ಚೆಂಡು ಆಗಲೇ ಕ್ಯಾಂಟೀನಿನ ಸೂರಿನ ಮೇಲಿತ್ತು. ಆ ದಿನದ ರೆಫರಿ ಗಡಿಯಾರ ನಿಲ್ಲಿಸುವ ಪೈಕಿಯವನಲ್ಲ. ಇಡೀ ಋತುವಿನಲ್ಲಿ ಮೊದಲ ಬಾರಿಗೆ ಪಂದ್ಯದ ಹಣೆಬರಹ ನನ್ನ ಬಲೆಯಲ್ಲಿತ್ತು. ನಾನು ಬಹಳ ಗಂಭೀರವಾಗಿ ಕಾಲುವೆಯ ಅಂಚಿಗೆ ನಡೆದೆ. ಬಲೆಯನ್ನು ನೀರಿಗಿಳಿಸಿ ಚೆಂಡನ್ನು ಮೆಲ್ಲನೆ ಇನ್ನಷ್ಟು ಆಚೆಗೆ ತಳ್ಳಿದೆ. ಮತ್ತೆ ಬಳಿಗೆ ಎಳೆಯುವ ನಟನೆ ಮಾಡಿದೆ. ಎರಡು ಬಾತುಕೋಳಿಗಳು ನನ್ನನ್ನೇ ನೋಡುತ್ತಿದ್ದವು. ಅವುಗಳಿಗೆ ಹೆದರಿದವನಂತೆ ಒಂದು ಹೆಜ್ಜೆ ಹಿಂದೆಯೂ ಸರಿದೆ. ಒಂದು ನಿಮಿಷ ಸಲೀಸಾಗಿ ಕಳೆಯಿತು. ಮೋಸ ಮಾಡುವುದರಲ್ಲಿ ನನಗಿಷ್ಟು ಕೈಚಳಕ ಇದೆಯೆಂದು ಗೊತ್ತಿರಲಿಲ್ಲ, ಗೊತ್ತಾಗಿ ಸಂತೋಷವೇ ಆಯಿತು.

"ಏನಾಯ್ತ್ರೀ? ಎಟುಕ್ತಾ ಇಲ್ವಾ?"

ಮಾವ ಆಚೆ ಬದಿಯಿಂದ ಸುತ್ತು ಹಾಕಿಕೊಂಡು ಬಂದಿದ್ದರು. "ಬಿಡಿ ಮಾವ, ಜಾರುತ್ತೆ, ನೀವು ಬರಬೇಡಿ" ಎಂದೆ. "ಅವರು ಕಾಯ್ತಾ ಇದಾರಲ್ರೀ. ಇಲ್ಲಿ ಕೊಡಿ" ಎಂದು ಕೈಯಿಟ್ಟೇಬಿಟ್ಟರು. ಸಾರ್ವಜನಿಕವಾಗಿ ಮಾವನ ಕೈಯಿಂದ ಬಲೆ ಕಿತ್ತುಕೊಳ್ಳುವ ಅಳಿಯ ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಮಾವ ಒಂದೇ ಏಟಿಗೆ ಚೆಂಡನ್ನೆತ್ತಿ, ಕೋಟಿನ ಜೇಬಿನಿಂದ ಟವಲ್ ತೆಗೆದು ಒರೆಸಿ, ಜಾರದಂತೆ ಇನ್ನೊಮ್ಮೆ ಒರೆಸಿ, ತಾಂಬೂಲ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಎದುರಾಳಿಗಳ ಉದ್ದ ಹುಡುಗನೊಬ್ಬನಿಗೆ ಕೊಟ್ಟರು. ಅವನೂ ಎರಡು ಕೈಯಲ್ಲೇ ತೆಗೆದುಕೊಂಡ. ನಾಲ್ಕನೆಯ ಸಲ ಬಿದ್ದೆದ್ದವರು ಐದನೆಯದಕ್ಕೆ ಮೂಲೆಯಲ್ಲಿ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರು. ಹದಿನೆಂಟು–ಹದಿನಾರು. ರೆಫರಿ ಸೀಟಿ ಊದಿದ. ಮಾವ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದರು. ಕೆಸರು ಬಳಿದುಕೊಂಡ ಆ ಹುಡುಗರು ಓಡಿಬಂದು ಅವರನ್ನು ಮಂಕಿ ಕ್ಯಾಪ್ ಸಮೇತ ಹೆಗಲಿಗೇರಿಸಿದರು. ನಮ್ಮವರು ಹುಲ್ಲಿನ ಮೇಲೆ ಕೂತಿದ್ದರು. ನಾನು ಬಾತುಕೋಳಿಗಳ ಕಡೆ ನೋಡುತ್ತಾ ನಿಂತೆ. ನನಗೆ ನಿಜವಾಗಿಯೂ ಹೊಟ್ಟೆ ಉರಿದಿತ್ತು.

ಕತೆ ಇಲ್ಲಿಗೇ ಮುಗಿದಿದ್ದರೆ ಭಾನುವಾರವೊಂದನ್ನು ಹಾಳುಮಾಡಿಕೊಂಡು ಮರೆತುಬಿಡುತ್ತಿದ್ದೆ. ಅಷ್ಟರಲ್ಲಿ ಹಳಿ ದುರಸ್ತಿಯ ಕಾರಣ ಉತ್ತರದ ರೈಲು ತಡ ಎಂಬ ಸುದ್ದಿ ಬಂತು. ಕೆಲವರು ತಂದಿದ್ದ ಕಾರುಗಳಲ್ಲಿ ಹೆಚ್ಚಿನವರು ತುಂಬಿಕೊಂಡು ಹೊರಟರು. ಐದು ಜನ ಉಳಿದರು. "ಇಲ್ಯಾಕೆ ಚಳಿಯಲ್ಲಿ ಕಾಯ್ತೀರಿ, ನಮ್ಮ ಮನೆ ಹತ್ತಿರ ಇದೆ" ಎಂದು ಮಾವ ನನ್ನ ಮನೆಯ ದಾರಿ ತೋರಿಸಿದರು.

ನಮ್ಮನ್ನು ಸೋಲಿಸಿದ ಐವರು ನಮ್ಮ ಸೋಫಾದಲ್ಲಿ ಕೂತರು. ಶೈಲಜಾ ನನ್ನ ಮುಖ ನೋಡಿ ಚಟ್ನಿಗೆ ತೆಂಗಿನಕಾಯಿ ಹುಡುಕಿದಳು. ದೋಸೆ ಹುಯ್ಯುವ ಕೆಲಸ ನನಗೆ ಬಂತು. ಹಾಲ್‌ನಿಂದ ಅವರು ಕೊನೆಯ ಮೂರು ನಿಮಿಷವನ್ನು ಮತ್ತೆ ಮತ್ತೆ ಆಡುತ್ತಿದ್ದದ್ದು ಕೇಳಿಸುತ್ತಿತ್ತು. ಒಬ್ಬೊಬ್ಬರೂ ಐದಾರು ದೋಸೆ ಮುಗಿಸಿದರು. ಮಾವ ಅಡಿಗೆಮನೆಗೂ ಹಾಲ್‌ಗೂ ಓಡಾಡಿ ತಾವೇ ಬಡಿಸಿದರು. ಹೊರಡುವಾಗ ಉದ್ದ ಹುಡುಗ ಮಾವನನ್ನು ಅಪ್ಪಿಕೊಂಡು, ನನ್ನ ಕೈ ಕುಲುಕಿ, ಬಲೆಯ ವಿಷಯದಲ್ಲಿ ಬೇಸರ ಮಾಡಿಕೊಳ್ಳಬೇಡಿ, ಚೆಂಡು ಎಲ್ಲರಿಗೂ ಎಟುಕುವುದಿಲ್ಲ ಎಂದ.

ಬಾಗಿಲು ಹಾಕಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಮಾವ, ಮೈಸೂರಿಗೆ ಬಂದಾಗ ಮೊದಲ ಎಲೆ ನಂಗೆ, ಫ್ಯಾನ್ ಕೆಳಗಿನ ಕುರ್ಚಿ ನಂಗೆ. ನನ್ನ ಮೇಲೆ ನಿಮಗೆ ಬಹಳ ಅಭಿಮಾನ ಅಂದ್ಕೊಂಡಿದ್ದೆ. ಇವತ್ತು ಒಂದ್ಸಲ ನಮ್ಮ ಕಡೆ ನಿಲ್ಲಬಾರದಿತ್ತಾ?"

ಮಾವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಲ್ಲಿ ನೀವು ಬಂದವರಲ್ವೇನ್ರೀ" ಎಂದರು.

ಹದಿನಾಲ್ಕು ವರ್ಷಗಳಿಂದ ನನ್ನ ಯೋಗ್ಯತೆ ಎಂದು ತಿಳಿದಿದ್ದು ಬರೀ ದೂರದಿಂದ ಬಂದ ನನ್ನ ಟಿಕೆಟ್ಟಿನ ಫಲವೆಂದು ಆಗ ಅರ್ಥವಾಯಿತು.

"ಮತ್ತೆ ಇಲ್ಲಿ?"

"ಇಲ್ಲಿ ನೀವು ಮನೆಯವರು" ಎಂದು ಮಾವ ಪ್ರೀತಿಯಿಂದಲೇ ಹೇಳಿ, ಕೈತೊಳೆದು ಬಂದು ಊಟದ ಮೇಜಿನ ಮುಂದೆ ಕೂತು ತಟ್ಟೆ ಎಳೆದುಕೊಂಡರು. "ಆ ಹುಡುಗರ ಗಲಾಟೆಯಲ್ಲಿ ನಾನು ತಿನ್ನಲೇ ಇಲ್ಲ ನೋಡಿ. ಹಿಟ್ಟಿದ್ರೆ ಎರಡು ಹಾಕಿ. ತೆಳ್ಳಗಿರಲಿ."

ಪಾತ್ರೆಯಲ್ಲಿ ಹಿಟ್ಟು ಇದ್ದದ್ದು ಸರಿಯಾಗಿ ಎರಡಕ್ಕೆ. ಹುಯ್ದೆ, ತೆಳ್ಳಗೇ ಹುಯ್ದೆ. ಆಮೇಲೆ ಮನೆಯವನು ಬ್ರೆಡ್ ತಿಂದು ಮಲಗಿದ.